ಕಳೆದ ಸಲದಂತೆ

ಹದಿನೇಳನೇ ಮನೆಯ ಮುಂದೆ ಬಂದಾಗಲೆಲ್ಲ ಸರಾಸರಿಯ ಚಪ್ಪಲಿಯೊಳಗೆ ಒಂದು ಕಲ್ಲು ಸೇರಿಕೊಳ್ಳುತ್ತಿತ್ತು. ಅದನ್ನು ತೆಗೆಯಲು ಅವನು ಬಗ್ಗಬೇಕು, ಬಗ್ಗಿದವನು ಒಂಟಿಕಾಲಲ್ಲಿ ಕುಂಟುತ್ತ ನಾಲ್ಕು ಹೆಜ್ಜೆ ಮುಂದೆ ಹೋಗಬೇಕು, ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲುವಷ್ಟರಲ್ಲಿ ಎದುರಿಗೆ ಇರುತ್ತಿದ್ದದ್ದು ಹತ್ತೊಂಬತ್ತನೇ ಮನೆ. ಮೂರು ದಿನಗಳಿಂದ ಹೀಗೇ. ಕಲ್ಲು ಮಾತ್ರ ಒಂದು ಸಲವೂ ಕೈಗೆ ಸಿಕ್ಕಿರಲಿಲ್ಲ. ಎದುರುಸಾಲಿನ ಕ್ಷೌರದಂಗಡಿಯವನು ಗಿರಾಕಿಯ ಗಲ್ಲಕ್ಕೆ ನೊರೆ ಬಳಿಯುತ್ತಲೇ ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ. ಈ ಬೀದಿಯಲ್ಲಿ ನಡೆಯುವುದೆಲ್ಲ ಅವನಿಗೆ ಎಡಬಲ ಅದಲುಬದಲಾಗಿ ಕಾಣುತ್ತದೆ, ಆದರೆ ಏನೊಂದೂ ತಪ್ಪಿಹೋಗುವುದಿಲ್ಲ. ಸರಾಸರಿ ಕೊರಳಿಗೆ ಹಾಕಿಕೊಂಡಿದ್ದ ಗುರುತಿನ ಕಾರ್ಡನ್ನು ಸರಿಮಾಡಿಕೊಂಡು, ಕಂಕುಳಲ್ಲಿದ್ದ ಮತದಾರರ ಪಟ್ಟಿಯ ಕಟ್ಟನ್ನು ಇನ್ನಷ್ಟು ಒತ್ತಿ ಹಿಡಿದು, ತುಂಬ ತುರ್ತಿನ ಕೆಲಸವಿರುವವನ ಹಾಗೆ ಹತ್ತೊಂಬತ್ತನೇ ಮನೆಯ ಗೇಟು ತೆಗೆದ.

ಸರಾಸರಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವುದು ಅವನ ಕೆಲಸ. ಬಾಗಿಲಿಗೆ ಬೀಗವಿದ್ದರೆ, ಅಂಗಳದಲ್ಲಿ ನಾಯಿ ಬಿಚ್ಚಿದ್ದರೆ, ಮೀಟರಿನ ಗಾಜು ಮಸುಕಾಗಿ ಅಂಕಿ ಕಾಣದಿದ್ದರೆ ಹಿಂದಿನ ಮೂರು ತಿಂಗಳ ಸರಾಸರಿ ಬರೆದು ಮುಂದಿನ ಮನೆಗೆ ಹೋಗಬಹುದೆಂದು ನಿಯಮವೇ ಇದೆ. ಬೇರೆಯವರು ಆ ನಿಯಮವನ್ನು ವರ್ಷಕ್ಕೆ ನಾಲ್ಕು ಸಲ ಬಳಸಿದರೆ ಇವನು ವಾರಕ್ಕೆ ನಾಲ್ಕು ಸಲ ಬಳಸುತ್ತಿದ್ದ. ನಾಯಿಯನ್ನು ಕಟ್ಟಿಹಾಕಿದ್ದರೂ ಅದರ ಮುಖದಲ್ಲಿ ಬಿಚ್ಚಿಕೊಳ್ಳುವ ಇರಾದೆ ಕಂಡರೆ ಸಾಕು, ಸರಾಸರಿ. ಜೊತೆಯವರು ಇದನ್ನು ಸೋಮಾರಿತನ ಎಂದು ತಿಳಿದು ಹೆಸರಿಟ್ಟರು. ಸೋಮಾರಿತನವಲ್ಲ. ಬಾಗಿಲು ತಟ್ಟಿ, ಒಳಗಿನವರನ್ನು ಹೊರಗೆ ಕರೆದು, ಹೋದ ತಿಂಗಳಿದ್ದದ್ದು ಈ ತಿಂಗಳು ಇಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳುವುದಕ್ಕಿಂತ ಹೋದ ತಿಂಗಳನ್ನೇ ನಂಬಿಕೊಂಡು ನಡೆಯುವುದು ಅವನಿಗೆ ಹಿತವಾಗಿತ್ತು. ಇಂಥವನನ್ನು ಹಿಡಿದು ಮತದಾರರ ಪಟ್ಟಿ ಪರಿಶೀಲಿಸಲು ಮನೆಮನೆಗೆ ಕಳಿಸಿದರೆ ಏನಾಗಬೇಕೋ ಮೊದಲ ದಿನ ಅದೇ ಆಯಿತು. ನಾಲ್ಕನೇ ಮನೆಗೆ ಬೀಗ. ಕೈ ತನ್ನ ಪಾಡಿಗೆ ತಾನು ಪಟ್ಟಿಯ ಷರಾ ಕಾಲಮ್ಮಿನಲ್ಲಿ, ನಾಲ್ಕು ಹೆಸರುಗಳ ಮುಂದೆಯೂ, ‘ಕಳೆದ ಸಲದಂತೆ’ ಎಂದು ದುಂಡಗೆ ಬರೆಯಿತು. ಸಂಜೆ ಚುನಾವಣಾ ಕಚೇರಿಯಲ್ಲಿ ಪಟ್ಟಿಯ ಉಸ್ತುವಾರಿ ನೋಡುವ ಮೇಡಂ ಅದನ್ನು ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಆ ನಾಲ್ವರಲ್ಲಿ ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು, ಒಬ್ಬಳು ಬೇರೆ ಊರಿಗೆ ಹೋಗಿ ಅಲ್ಲಿನ ಪಟ್ಟಿಗೆ ಸೇರಿಯೂ ಆಗಿತ್ತು. ‘ಮನುಷ್ಯರೇನು ನೀರೇನ್ರೀ, ಸರಾಸರಿ ಹಾಕೋಕೆ?’ ಎಂದರು ಮೇಡಂ. ಅವರಿಗೆ ಅವನ ಅಡ್ಡಹೆಸರು ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರು ಗುಮಾಸ್ತರು ಮಾತ್ರ ಕಡತಗಳಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಈ ಕೆಲಸಕ್ಕೆ ಅವನನ್ನೇ ಯಾಕೆ ಆರಿಸಿದರು ಎಂಬುದರಲ್ಲೇ ಅವನ ಸಂಕಟವೆಲ್ಲ ಇತ್ತು. ಆಯಾ ಬೀದಿಯ ಪಟ್ಟಿಯಲ್ಲಿ ಹೆಸರಿರುವವರೇ ಆಯಾ ಬೀದಿಯ ಪರಿಶೀಲಕರಾಗಬೇಕು, ಅವರಿಗೆ ಅಕ್ಕಪಕ್ಕ ಗೊತ್ತಿರುತ್ತದೆ ಎಂದು ನಿಯಮ. ಈ ಬೀದಿಯ ಪಟ್ಟಿಯಲ್ಲಿ, ಹದಿನೇಳನೇ ಮನೆಯ ಎರಡನೇ ಹೆಸರಾಗಿ, ಅವನಿದ್ದ. ಅಲ್ಲಿ ಅವನಿದ್ದದ್ದು ಪಟ್ಟಿಯಲ್ಲಿ ಮಾತ್ರ. ಬಟ್ಟೆಬರೆ, ಹಲ್ಲುಜ್ಜುವ ಬ್ರಷ್ಷು, ಹೆಂಡತಿ, ರಾತ್ರಿ ನಿದ್ದೆ ಎಲ್ಲವೂ ಹದಿನೆಂಟು ತಿಂಗಳಿಂದ ರೈಲು ಸೇತುವೆಯ ಆಚೆ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದವು. ‘ನೀವು ಅಲ್ಲೇ ಇರೋರು, ನಿಮಗಿಂತ ಯಾರು ಬೇಕು’ ಎಂದು ಮೇಡಂ ಹೇಳಿದಾಗಲೇ ಇದನ್ನು ಹೇಳಿಬಿಡಬೇಕಿತ್ತು. ಅವನು ‘ಹೌದು ಮೇಡಂ’ ಎಂದ. ಆಮೇಲೆ ಒಳಗೊಳಗೇ ಒಂದು ವಾದ ಹುಟ್ಟಿಕೊಂಡಿತು. ತಾನು ಪ್ರಾಮಾಣಿಕನಾಗಿ ತನ್ನ ಹೆಸರನ್ನು ತೆಗೆದರೆ ಈ ಬೀದಿಯನ್ನು ಪರಿಶೀಲಿಸುವ ಅರ್ಹತೆ ತನಗಿರುವುದಿಲ್ಲ, ಅರ್ಹತೆಯಿಲ್ಲದವನು ಮಾಡಿದ ಪರಿಶೀಲನೆ ಸಲ್ಲುವುದಿಲ್ಲ, ಅಂದಮೇಲೆ ತನ್ನ ಹೆಸರನ್ನು ತೆಗೆದದ್ದೂ ಸಲ್ಲುವುದಿಲ್ಲ, ಹಾಗಾಗಿ ತನ್ನ ಹೆಸರು ಇದ್ದಲ್ಲೇ ಇರುತ್ತದೆ. ಬಸ್ಸಿನಲ್ಲಿ ನಿಂತು ಈ ವಾದವನ್ನು ಎರಡು ಸಲ ಹಿಂದೆಮುಂದೆ ಮಾಡಿ ನೋಡಿದ, ಎಲ್ಲೂ ಬಿರುಕು ಕಾಣಲಿಲ್ಲ. ಖುಷಿಯಾಯಿತು. ಮರುದಿನ, ಯಾರೋ ಮೂರನೆಯವರ ಸಂಗತಿಯೆಂಬಂತೆ, ಪರಿಶೀಲಕನೇ ಮನೆ ಬದಲಿಸಿ ವಿಳಾಸ ಬದಲಿಸದಿದ್ದರೆ ಏನು ಮಾಡಬೇಕು ಮೇಡಂ ಎಂದು ಕೇಳಿದ. ಮೇಡಂ ತಲೆಯೆತ್ತದೆ, ‘ಅಂಥ ದಡ್ಡ ಯಾರಿರ್ತಾರ್ರೀ?’ ಎಂದರು.

ಹತ್ತೊಂಬತ್ತನೇ ಮನೆಯ ಹೆಂಗಸು, ಮಗ ಸಂಸಾರ ಸಮೇತ ಬೇರೆ ಬಡಾವಣೆಗೆ ಹೋಗಿ ವರ್ಷವಾಯಿತು, ಹೆಸರು ಇಲ್ಲೇ ಇರಲಿ ಬಿಡಿ, ಓಟು ಹಾಕೋ ನೆಪದಲ್ಲಾದರೂ ಬರ್ತಾನೆ ಎಂದಳು. ಇರಲಿ ಬಿಡಿ ಎಂದುಬಿಡೋಣ ಎಂದಿತು ಸರಾಸರಿಯ ಎದೆ. ಆದರೆ ಬಾಯಿ ಎದೆಯ ಮಾತು ಕೇಳಲಿಲ್ಲ, ಮೂರು ದಿನಗಳಿಂದ ಪ್ರತಿ ಬಾಗಿಲಲ್ಲಿ ಮಾಡುತ್ತ ಬಂದಿದ್ದ ಭಾಷಣವನ್ನೇ ಮಾಡಿತು. ಮನೆ ಬದಲಿಸಿದ ಮೇಲೆ ವಿಳಾಸ ಬದಲಿಸುವುದು ದೊಡ್ಡ ಕೆಲಸವೇನಲ್ಲ, ಒಂದು ಫಾರಂ, ಒಂದು ಫೋಟೋ, ಒಂದು ಸಹಿ. ಇಲ್ಲದ ಮನೆಯಲ್ಲಿ ಹೆಸರಿಟ್ಟುಕೊಂಡರೆ ಇರುವ ಬೀದಿಯ ದೀಪಕ್ಕೂ ಚರಂಡಿಗೂ ಕೇಳುವವರೇ ಇರುವುದಿಲ್ಲ. ಎಲ್ಲಿ ಮಲಗುತ್ತೀರೋ ಅಲ್ಲಿ ನಿಮ್ಮ ಹೆಸರಿರಬೇಕು. ಅವನ ಧ್ವನಿ ಚೆನ್ನಾಗಿತ್ತು, ಮಾತಿನಲ್ಲಿ ಓಘವಿತ್ತು. ಹೆಂಗಸು ತಲೆ ತಗ್ಗಿಸಿ ಮಗನ ಹೊಸ ವಿಳಾಸ ಬರೆದ ಚೀಟಿಯನ್ನು ತಂದುಕೊಟ್ಟಳು. ಆ ಚೀಟಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದದ್ದು, ಮಡಿಕೆ ಬಿದ್ದ ಕಡೆ ಸವೆದಿತ್ತು. ದಿನಾ ಓದಿರಬೇಕು. ತನ್ನದೊಂದು ಚೀಟಿ ಯಾವ ಕನ್ನಡಿಯಲ್ಲಿದೆ ಎಂದು ಯೋಚನೆ ಬಂದು, ಯಾವುದರಲ್ಲೂ ಇಲ್ಲ ಎಂದು ಉತ್ತರವೂ ಬಂದು, ಅವನು ಬೆವರೊರೆಸಿಕೊಂಡ.

ಹದಿನೇಳನೇ ಮನೆ ಅಕ್ಕನದು. ಇವನಿಗಿಂತ ಹದಿನಾರು ವರ್ಷ ದೊಡ್ಡವಳು, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಮದುವೆಯಾಗದವಳು. ತಾಯಿತಂದೆ ಹೋದಮೇಲೆ ಇವನನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ನಲವತ್ತೊಂದನೇ ವಯಸ್ಸಿನಲ್ಲಿ ಇನ್ನೇನು ಕೈತಪ್ಪಿತು ಅನ್ನುವಾಗ ಮದುವೆಯನ್ನೂ ಮಾಡಿಸಿದವಳು. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಲು ಹೊಟ್ಟೆನೋವು ಎಂದು ಮುದುಡಿ ಮಲಗಿದರೆ ಅವಳು ಬೈಯುತ್ತಿರಲಿಲ್ಲ. ಹಣೆಯ ಮೇಲೆ ಮುಂಗೈ ಇಟ್ಟು, ಸುಳ್ಳಿಗೂ ಒಂದು ಮಾತ್ರೆ ಇದೆ ಎಂದು ತೀರಾ ಕಹಿಯಾದದ್ದೊಂದನ್ನು ನಾಲಿಗೆಯ ಮೇಲಿಟ್ಟು ಶಾಲೆಗೆ ಕಳಿಸುತ್ತಿದ್ದಳು. ಹದಿನೆಂಟು ತಿಂಗಳ ಹಿಂದೆ ಮಹಡಿಯ ಕೋಣೆಯ ಸೂರು ಸೋರತೊಡಗಿ, ಹಾಸಿಗೆಯ ಸುತ್ತ ಬಕೆಟ್ಟುಗಳನ್ನಿಟ್ಟುಕೊಂಡು ಮಲಗಿದ್ದಾಗ, ರಿಪೇರಿ ಆಗುವ ತನಕ ಸೇತುವೆಯ ಆಚೆ ಒಂದು ಚಿಕ್ಕ ಮನೆ ನೋಡಿದ್ದೀನಿ, ನಾಲ್ಕೇ ತಿಂಗಳು ಅಕ್ಕಾ ಎಂದಿದ್ದ. ಹೆಂಡತಿಗೆ ಹೇಳಿದ್ದು ಬೇರೆ. ಇನ್ನು ಮೇಲೆ ಇದೇ ನಮ್ಮನೆ, ನೀವಿಬ್ರೂ ಹೋಗಿ ಅಂತ ಅಕ್ಕನೇ ಅಂದಳು ಎಂದಿದ್ದ. ಎರಡೂ ಸುಳ್ಳಲ್ಲ ಎಂದು ಆಗ ಅನ್ನಿಸಿತ್ತು, ಯಾಕೆಂದರೆ ಎರಡನ್ನೂ ಹೇಳುವಾಗ ಎದುರಿಗಿದ್ದವರ ಮುಖ ಅರಳಿತ್ತು. ಸೂರು ಮೂರೇ ವಾರದಲ್ಲಿ ಸರಿಯಾಯಿತು. ಆಳುಗಳನ್ನು ನಿಲ್ಲಿಸಿ ಮಾಡಿಸಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ಒಳ್ಳೇದಾಯ್ತು ಎಂದ. ಆ ‘ಒಳ್ಳೇದಾಯ್ತು’ಗೆ ಸೂರಿನ ಮಾತು ಮುಗಿಯಿತು. ಆಮೇಲೆ ಆಕಾಶದ ಬಗ್ಗೆ, ಮೋಡದ ಬಗ್ಗೆ ಮಾತು ಬಂತು.

ಅಲ್ಲಿಂದ ಕುಂಟುನೆಪಗಳ ಸಂಸಾರ ಶುರುವಾಯಿತು. ಎಲ್ಲಿ ಮನೆ ಎಂದು ಅಕ್ಕ ಕೇಳಿದರೆ, ಸೇತುವೆ ದಾಟಿ ಒಳಗೆ ಹೋಗಬೇಕು, ಬರೀ ಗಲ್ಲಿಗಳು, ನಿನಗೆ ಸಿಗಲ್ಲ. ನಿಮ್ಮಕ್ಕನ್ನ ಒಂದಿನ ಕರ್ಕೊಂಡು ಬನ್ನಿ ಎಂದು ಹೆಂಡತಿ ಹೇಳಿದರೆ, ಅವಳಿಗೆ ಮಂಡಿ ನೋವು, ಮೂರು ಮಹಡಿ ಹತ್ತಲಾರಳು. ಹೆಂಡತಿ ಹೊಲಿಗೆಯವಳು. ಕತ್ತರಿಸುವ ಮುಂಚೆ ಎರಡು ಸಲ ಅಳೆಯುವುದು ಅವಳ ಪದ್ಧತಿ, ಅಳತೆ ತಪ್ಪಿದ್ದು ಕಂಡರೂ ಗಿರಾಕಿಯ ಮುಖ ನೋಡಿ ಸುಮ್ಮನಿರುವುದೂ ಅವಳ ಪದ್ಧತಿಯೇ. ಹೊಸ ಮನೆಗೆ ಹೋದ ಎರಡನೇ ತಿಂಗಳಲ್ಲೇ ಅವಳು ವಿಳಾಸ ಬದಲಿಸುವ ಎರಡು ಫಾರಂ ತಂದಳು. ತನ್ನದನ್ನು ಅವತ್ತೇ ತುಂಬಿ ಕೊಟ್ಟುಬಂದಳು. ಅವನದು ಮೊದಲು ಫೋಟೋ ಸರಿಯಿಲ್ಲವೆಂದು, ಆಮೇಲೆ ಶಾಯಿ ನೀಲಿಯೋ ಕಪ್ಪೋ ತಿಳಿಯದೆಂದು, ಆಮೇಲೆ ಯಾವ ಕಾರಣವೂ ಇಲ್ಲದೆ, ನೂಲಿನ ಉಂಡೆಗಳ ಡಬ್ಬದ ಕೆಳಗೆ ಉಳಿಯಿತು. ಕಳೆದ ವಾರ ಸೇತುವೆಯಾಚೆಯ ಆ ಬೀದಿಯ ಪರಿಶೀಲಕ ಅವರ ಮನೆಗೂ ಬಂದಿದ್ದ. ಪಟ್ಟಿಯಲ್ಲಿ ಒಂದೇ ಹೆಸರಿದೆಯಲ್ಲ, ಒಬ್ಬರೇನಾ ಇರೋದು ಎಂದು ಕೇಳಿದ. ಸರಾಸರಿ ಒಳಕೋಣೆಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದ, ಗುಂಡಿಯ ಮೇಲಿನ ಬೆರಳು ಅಲ್ಲೇ ನಿಂತಿತು. ಹೆಂಡತಿ ಯಂತ್ರ ನಿಲ್ಲಿಸದೆ, ‘ಒಬ್ಬಳೇ. ಆಗಾಗ ಒಬ್ಬರು ಊಟಕ್ಕೆ ಬರ್ತಾರೆ’ ಎಂದಳು. ಪರಿಶೀಲಕ ಏನು ಅರ್ಥ ಮಾಡಿಕೊಂಡನೋ, ಬೇಗ ಸಹಿ ಹಾಕಿಸಿಕೊಂಡು ಮೆಟ್ಟಿಲಿಳಿದ. ಸರಾಸರಿ ಹೊರಗೆ ಬಂದು ಇದೇನು ಮಾತು ಎಂದು ಕೇಳಿದರೆ, ನಾನೇನು ಸುಳ್ಳು ಹೇಳಿದೆನಾ ಎಂದು ಗಿರಾಕಿಯ ಅಂಗಿಯ ತೋಳಿಗೆ ತೇಪೆ ಹಾಕತೊಡಗಿದಳು. ಅವಳ ಮುಖದಲ್ಲಿ ನಗು ಇತ್ತು. ನಗುವಿನ ಹಿಂದೆ, ಪಟ್ಟಿಯಲ್ಲಿ ಒಂಟಿಯಾಗಿರುವುದಕ್ಕೆ ಅವಳಿಗೆ ನೋವಾಗಿದೆ ಎಂಬುದೂ ಇತ್ತು, ಅದು ಅವನಿಗೆ ಕಂಡಿತು. ಕಂಡದ್ದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ.

ಹೆಸರು ಬದಲಿಸದೆ ಇದ್ದದ್ದು ಅಕ್ಕನಿಗಾಗಿ ಎಂದು ಅವನು ನಂಬಿಕೊಂಡಿದ್ದ. ಹದಿನೆಂಟು ತುಂಬಿದಾಗ ಅವನನ್ನು ಮೊದಲ ಸಲ ಮತಗಟ್ಟೆಗೆ ಕರೆದುಕೊಂಡು ಹೋದವಳು ಅವಳೇ, ರಾತ್ರಿಪಾಳಿ ಮುಗಿಸಿ ಸಮವಸ್ತ್ರದಲ್ಲೇ. ಒಳಗೆ ಹೋದ್ಮೇಲೆ ನನ್ನ ಕಡೆ ನೋಡ್ಬೇಡ, ನಿನ್ನಷ್ಟಕ್ಕೆ ನೀನು ಯೋಚನೆ ಮಾಡು ಎಂದಿದ್ದಳು. ಅವನು ಮರೆಯಿಂದ ಕತ್ತು ಹೊರಗೆ ಹಾಕಿ ಅವಳ ಕಡೆಯೇ ನೋಡಿದ್ದ, ಕೂತಿದ್ದ ಅಧಿಕಾರಿಗಳೆಲ್ಲ ನಕ್ಕಿದ್ದರು. ಅಂದಿನಿಂದ ಎಲ್ಲ ಚುನಾವಣೆಗಳಿಗೂ ಅವಳು ಮುಂದೆ, ಇವನು ಹಿಂದೆ, ಒಂದೇ ಸಾಲು. ಕಳೆದ ಸಲ ಸೇತುವೆಯ ಆಚೆಯಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದು ಸಾಲಿನಲ್ಲಿ ಅವಳ ಹಿಂದೆ ನಿಂತ. ಹೊರಗೋಡೆಗೆ ಅಂಟಿಸಿದ್ದ ಪಟ್ಟಿಯ ಮೇಲೆ ಅಕ್ಕ ಬೆರಳಾಡಿಸಿದಳು. ಅವಳ ಹೆಸರು, ಕೆಳಗೆ ಅವನದು, ಅದರ ಕೆಳಗೆ ಹೆಂಡತಿಯ ಹೆಸರಿನ ಮೇಲೆ ಅಡ್ಡಗೆರೆ. ‘ಚುರುಕು ಹುಡುಗಿ’ ಎಂದಳು ಅಕ್ಕ, ಅಷ್ಟೇ. ಅದು ಹೊಗಳಿಕೆಯೋ ಮೂದಲಿಕೆಯೋ ಎಂದು ಅವನು ಆಮೇಲೆ ಎಂಟು ತಿಂಗಳು ತಲೆ ಕೆರೆದುಕೊಂಡ. ಮೂದಲಿಸಿದ್ದು ಹುಡುಗಿಯನ್ನಲ್ಲದಿರಬಹುದು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು, ಅದನ್ನು ನೆನೆಸಿಕೊಂಡರೆ ಬಸ್ಸಿನಲ್ಲಿ ಕೂತಿದ್ದಾಗಲೂ ಕಿವಿ ಬಿಸಿಯಾಗುತ್ತಿತ್ತು. ಅಕ್ಕನ ಮನೆಯ ಮೀಟರನ್ನು ತಿಂಗಳಿಗೊಮ್ಮೆ ಓದುವವನೂ ಅವನೇ. ಗೇಟಿನ ಪಕ್ಕದ ಗೂಡಿನಲ್ಲಿ ಮೀಟರು, ಓದುವಷ್ಟರಲ್ಲಿ ಅಕ್ಕ ಚಹಾ ತರುತ್ತಿದ್ದಳು. ನಿಂತು ಕುಡಿದು, ಬರ್ತೀನಿ ಅಕ್ಕಾ ಎಂದು ಹೊರಡುವುದು. ಮನೆ ಬಿಟ್ಟ ಮೊದಲ ತಿಂಗಳು ಮೀಟರಿನ ಅಂಕಿ ಎಂದಿನ ಅರ್ಧದಷ್ಟೂ ಮುಂದೆ ಸರಿದಿರಲಿಲ್ಲ. ಮೂವರ ಸ್ನಾನ, ಮೂವರ ಬಟ್ಟೆ, ಮೂವರ ಪಾತ್ರೆ ಹೋಗಿ ಒಬ್ಬಳ ಸ್ನಾನ, ಒಂದು ತಟ್ಟೆ, ಒಂದು ಲೋಟ. ಒಬ್ಬಳೇ ಹೆಂಗಸು ದಿನಕ್ಕೆ ಎಷ್ಟು ಸಲ ನಲ್ಲಿ ತಿರುಗಿಸುತ್ತಾಳೆ ಎಂದು ಅಂಕಿ ಹೇಳುತ್ತಿತ್ತು, ಗಾಜಿನ ಕೆಳಗೆ ಚೊಕ್ಕವಾಗಿ. ಬಾಗಿಲಿಗೆ ಬೀಗವಿರಲಿಲ್ಲ, ನಾಯಿಯಿರಲಿಲ್ಲ, ಅಕ್ಕನ ಚಹಾ ಕೈಯಲ್ಲಿ ಬಿಸಿಯಾಗಿಯೇ ಇತ್ತು. ಆದರೂ ಅವನು ಹಿಂದಿನ ಮೂರು ತಿಂಗಳ ಸರಾಸರಿ ಬರೆದ. ಮುಂದಿನ ತಿಂಗಳೂ ಅದನ್ನೇ ಬರೆದ. ಮೂರನೇ ತಿಂಗಳು ಹೆದರಿಕೆಯಾಗಿ ನಿಜವಾದ ಅಂಕಿ ಬರೆದ, ಲೆಕ್ಕ ತನ್ನಿಂದತಾನೇ ಸರಿಹೋಯಿತು. ಯಾರಿಗೂ ತಿಳಿಯಲಿಲ್ಲ ಎಂದುಕೊಂಡ. ಅವಳೊಬ್ಬಳೇ ಇದ್ದಾಳೆಂದು ಕಚೇರಿಯ ಪುಸ್ತಕಕ್ಕೆ ಗೊತ್ತಾಗಬಾರದು ಎಂದು ಹಾಗೆ ಮಾಡಿದೆನೋ, ತನಗೇ ಗೊತ್ತಾಗಬಾರದು ಎಂದೋ, ಈಗಲೂ ಅವನಿಗೆ ನಿರ್ಧಾರವಾಗಿರಲಿಲ್ಲ.

ನಾಲ್ಕನೇ ದಿನ ಬೀದಿಯಲ್ಲಿ ಉಳಿದದ್ದು ಅದೊಂದೇ ಮನೆ. ಸಂಜೆಯೊಳಗೆ ಕಟ್ಟು ಒಪ್ಪಿಸಬೇಕು. ಅಂದೂ ಚಪ್ಪಲಿಗೆ ಕಲ್ಲು ಸೇರಿತು, ಅಂದೂ ಬಗ್ಗಿದ, ಆದರೆ ಏಳುವಾಗ ಕ್ಷೌರದಂಗಡಿಯವನು ಕತ್ತಿ ಹಿಡಿದ ಕೈಯನ್ನು ಹೊರಗೆ ಚಾಚಿ, ‘ಸಾರ್, ಹದಿನೇಳು ಬಿಟ್ಟಿರಿ’ ಎಂದ. ಕುರ್ಚಿಯಲ್ಲಿದ್ದ ಗಿರಾಕಿಯೂ ನೊರೆಮುಖ ತಿರುಗಿಸಿ ನೋಡಿದ. ಇನ್ನು ದಾರಿಯಿರಲಿಲ್ಲ. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಅಕ್ಕ ಎತ್ತರದ ಸ್ಟೂಲಿನ ಮೇಲೆ ನಿಂತು, ಒಂದು ಕಾಲನ್ನು ಕಿಟಕಿಯ ಕಟ್ಟೆಗೆ ಊರಿ, ಮೇಲಿನ ಗಾಜು ಒರೆಸುತ್ತಿದ್ದಳು. ಹದಿನೆಂಟು ತಿಂಗಳು ಅವನು ಹೆಂಡತಿಯ ಮುಂದೆ ಸಾಕಿ ಬೆಳೆಸಿದ್ದ ಮಂಡಿ ನೋವು ಎರಡೂ ಮಂಡಿಗಳಲ್ಲಿ ಎಲ್ಲೂ ಕಾಣಲಿಲ್ಲ. ಅವಳು ತಿರುಗಿ ನೋಡಿ, ಹಗುರವಾಗಿ ಇಳಿದು, ಕೈ ಒರೆಸಿಕೊಂಡಳು.

‘ಬಾ. ಕಾಲಿಗೇನಾಗಿದೆ?’

‘ಕಲ್ಲು ಸೇರ್ಕೊಂಡಿತ್ತು.’

‘ತೋರಿಸು.’

ಅವನು ನಲವತ್ತೇಳು ವರ್ಷದ ಕಾಲನ್ನು ಎತ್ತಿ ತೋರಿಸಿದ. ಅವಳು ಬಗ್ಗಿ ನೋಡಿದಳು, ಏನೂ ಇಲ್ಲ ಎಂದಳು, ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುತ್ತಿದ್ದ ಅದೇ ಧ್ವನಿಯಲ್ಲಿ. ಕೂತುಕೋ ಎನ್ನಲಿಲ್ಲ. ಎಲ್ಲರ ಮನೆಯಲ್ಲಿ ಹೇಗೆ ಬಾಗಿಲಲ್ಲಿ ನಿಂತು ಕೇಳುತ್ತೀಯೋ ಹಾಗೇ ಕೇಳು, ಬೀದಿಯೆಲ್ಲ ನಿನ್ನ ಭಾಷಣ ಹೊಗಳುತ್ತಿದೆ, ನಾನೂ ಕೇಳಬೇಕು ಎಂದಳು. ಅವನು ಕಟ್ಟು ಬಿಚ್ಚಿದ. ಅವಳ ಹೆಸರನ್ನೂ ವಯಸ್ಸನ್ನೂ ಓದಿ ಇವರು ಇದ್ದಾರಾ ಎಂದು ಕೇಳಿದ. ಇದ್ದಾಳೆ ಎಂದಳು ಅಕ್ಕ. ಅವನು ಗುರುತು ಹಾಕಿ, ಲೇಖನಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಮುಂದಿನದು ಎಂದಳು. ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಓದುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಅದು ಯಾರೋ ಸ್ವಲ್ಪ ಪರಿಚಯವಿದ್ದ, ಅಷ್ಟೇನೂ ಒಳ್ಳೆಯವನಲ್ಲದ ಮನುಷ್ಯನ ಹೆಸರಿನಂತೆ ಕೇಳಿಸಿತು. ವಯಸ್ಸು ನಲವತ್ತೇಳು, ಗಂಡು, ಇವರು ಈ ಮನೆಯಲ್ಲಿ ಇದ್ದಾರಾ ಎಂದು ಹೇಳಿ ಮುಗಿಸುವಾಗ ಅವನು ನೆಲ ನೋಡುತ್ತಿದ್ದ. ನೆಲ ತೊಳೆದು ಹೊಳೆಯುತ್ತಿತ್ತು.

ಅಕ್ಕ ಒಳಗೆ ಹೋಗಿ, ಮಡಿಸದ ಒಂದು ಫಾರಂ ತಂದು ಅವನ ಕೈಗೆ ಕೊಟ್ಟಳು. ಒಂದು ಮನೆಯಲ್ಲಿ ಈಗ ವಾಸವಿಲ್ಲದವರ ಹೆಸರು ತೆಗೆಯಬೇಕೆಂದು ಆ ಮನೆಯವರು ಕೊಡುವ ಅರ್ಜಿ. ರೋಗಿಯ ತಲೆದೆಸೆಯ ಹಾಳೆಯಲ್ಲಿ ಜ್ವರ ಬರೆಯುವಂಥ ನೆಟ್ಟಗಿನ ಅಕ್ಷರಗಳಲ್ಲಿ ಎಲ್ಲವನ್ನೂ ತುಂಬಿದ್ದಳು. ಅವನ ಪೂರ್ತಿ ಹೆಸರು. ಸಂಬಂಧ: ತಮ್ಮ. ಕಾರಣ: ಮನೆ ಬದಲಿಸಿದ್ದಾರೆ. ಕೆಳಗೆ ಅವಳ ಸಹಿ. ಅವನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಯಾರ ಮನಸ್ಸು ನೋಯಬಾರದೆಂದು ಇಲ್ಲಿ ಹೆಸರಿಟ್ಟುಕೊಂಡು ಹೆಂಡತಿಯ ಕೈಲಿ ಮಾತು ಕೇಳಿದೆನೋ, ಅವಳೇ ತನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಾಳೆ.

‘ನನ್ನ ಹೆಸರು ನೀನೇ ತೆಗೆಸ್ತೀಯಾ ಅಕ್ಕಾ?’

‘ಮತ್ತೆ ಯಾರು ತೆಗೆಸ್ಬೇಕು? ನೀನಂತೂ ಹೇಳೋನಲ್ಲ.’ ಅವಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ‘ನೀರಿನ ಬಿಲ್ಲು ಬಂತಲ್ಲ, ಎರಡು ತಿಂಗಳು, ಮೂವರದ್ದು. ಕುಡಿದೋಳು ನಾನೊಬ್ಬಳೇ. ಅವತ್ತೇ ಗೊತ್ತಾಯ್ತು ನನಗೆ, ನೀನು ವಾಪಸ್ ಬರೋದಿಲ್ಲ ಅಂತ. ಬರೋನಾಗಿದ್ರೆ ಯಾಕೆ ಸುಳ್ಳು ಬರೀತಿದ್ದೆ?’

ಹದಿನೆಂಟು ತಿಂಗಳು ತಾನು ಮುಚ್ಚಿಟ್ಟದ್ದನ್ನು ಅವಳು ಹದಿನಾರು ತಿಂಗಳಿಂದ ತಿಳಿದುಕೊಂಡು, ತಿಂಗಳು ತಿಂಗಳೂ ಚಹಾ ಕೊಟ್ಟು ಕಳಿಸಿದ್ದಾಳೆ. ತಪ್ಪು ಹುಡುಕುವ ಕಣ್ಣಿಂದ ಅವನು ಮತ್ತೆ ಫಾರಂ ನೋಡಿದ, ಎಲ್ಲಾದರೂ ಒಂದು ಕಾಲಮ್ಮು ಖಾಲಿ ಬಿಟ್ಟಿದ್ದರೆ, ಅಪೂರ್ಣ ಎಂದು ಹಿಂದಿರುಗಿಸಬಹುದಲ್ಲ ಎಂಬ ಆಸೆ ಇನ್ನೂ ಇತ್ತು. ಯಾವುದೂ ಖಾಲಿ ಇರಲಿಲ್ಲ. ‘ಈಗ ವಾಸವಿರುವ ವಿಳಾಸ’ ಎಂಬಲ್ಲಿ ಮೊದಲು ಒಂದು ಮಾತು ಬರೆದು ಅದನ್ನು ನವಿರಾಗಿ ಹೊಡೆದುಹಾಕಿ, ಪಕ್ಕದಲ್ಲಿ ‘ತಿಳಿಸಿಲ್ಲ’ ಎಂದು ಬರೆದಿದ್ದಳು.

‘ಗೊತ್ತಿಲ್ಲ ಅಂತ ಬರೆದಿದ್ದೆ,’ ಎಂದಳು, ಅವನ ಕಣ್ಣು ಅಲ್ಲಿ ನಿಂತದ್ದನ್ನು ನೋಡಿ. ‘ಆಮೇಲೆ ಯೋಚನೆ ಮಾಡಿದೆ, ಅದು ಸುಳ್ಳಾಗುತ್ತೆ. ನಾನು ಕೇಳಿದ್ದೆನಲ್ಲ.’

ಅವಳ ಧ್ವನಿಯಲ್ಲಿ ದೂರಿರಲಿಲ್ಲ, ಅದೇ ಅವನನ್ನು ಕೊಂದದ್ದು. ಹೋದದ್ದಕ್ಕೆ ಅವಳು ಬೇಸರಪಟ್ಟಿರಲಿಲ್ಲ. ಗಂಡ ಹೆಂಡತಿ ಬೇರೆ ಮನೆ ಮಾಡುವುದು ಎಲ್ಲ ಕಡೆ ನಡೆಯುವುದೇ. ಆದರೆ ಅವನು ಎಲ್ಲಿಗೆ ಹೋದೆ ಎಂದು ಹೇಳದೆ ಹೋಗಿದ್ದ, ತನ್ನನ್ನು ಎತ್ತಿ ಬೆಳೆಸಿದವಳನ್ನು ಗಲ್ಲಿಗಳಲ್ಲಿ ದಾರಿ ತಪ್ಪುವವಳನ್ನಾಗಿ ಮಾಡಿದ್ದ, ಮಂಡಿ ನೋವಿನವಳನ್ನಾಗಿ ಮಾಡಿದ್ದ, ಅದೂ ಒಂದು ಮಾತು ಹೇಳುವ ಧೈರ್ಯ ತನಗಿಲ್ಲದೆ. ಅವನಿಗೆ ಅಳು ಬಂತು. ಬಾಗಿಲಲ್ಲಿ ನಿಂತಿದ್ದೇನೆ, ಎದುರಿಗೆ ಕ್ಷೌರದಂಗಡಿಯಿದೆ, ಅಲ್ಲಿ ಕನ್ನಡಿಯಿದೆ ಎಂಬುದೂ ನೆನಪಾಗಿ ಮೂಗನ್ನು ಒಳಗೆಳೆದುಕೊಂಡ. ಲೇಖನಿಯ ಮುಚ್ಚಳ ತೆಗೆದು, ಪಟ್ಟಿಯ ಕಟ್ಟಿನ ಮೇಲೆ ಫಾರಂ ಇಟ್ಟು, ‘ತಿಳಿಸಿಲ್ಲ’ ಎಂಬುದನ್ನು ಹೊಡೆದು, ಅಲ್ಲಿದ್ದ ಇಕ್ಕಟ್ಟಿನ ಜಾಗದಲ್ಲಿ ಕಟ್ಟಡದ ಸಂಖ್ಯೆ, ಮೂರನೇ ಮಹಡಿ, ಎಡಗಡೆಯ ಬಾಗಿಲು, ಬೀದಿಯ ಹೆಸರು, ಸೇತುವೆ ಇಳಿದ ಮೇಲೆ ಯಾವ ಕಡೆ ತಿರುಗಬೇಕು ಎಂಬುದನ್ನೂ ಬರೆದ. ಅಷ್ಟನ್ನು ಯಾವ ಫಾರಂ ಕೂಡ ಕೇಳುವುದಿಲ್ಲ. ಅಕ್ಕ ಕನ್ನಡಕ ತಂದು ಹಾಕಿಕೊಂಡು ಒಂದೊಂದೇ ಸಾಲು ಓದಿದಳು.

‘ಮೂರನೇ ಮಹಡಿ. ಗಾಳಿ ಬರುತ್ತಾ?’

‘ಬರುತ್ತೆ.’

‘ಭಾನುವಾರ ಬರ್ತೀನಿ. ಬರೆದದ್ದು ನಿಜಾನಾ ಅಂತ ಯಾರಾದ್ರೂ ಹೋಗಿ ನೋಡ್ಬೇಕಲ್ಲ. ಅದೇ ತಾನೇ ನಿಯಮ?’

ಅದೇ ನಿಯಮ ಎಂದ ಅವನು. ತನ್ನ ಹೆಸರಿನ ಮುಂದಿನ ಷರಾ ಕಾಲಮ್ಮಿನಲ್ಲಿ ‘ಮನೆ ಬದಲಿಸಿದ್ದಾರೆ’ ಎಂದು ಬರೆದ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅಕ್ಕ ಅದರ ಎದುರು ಸಹಿ ಮಾಡಿ, ವಿಳಾಸ ಬರೆದುಕೊಳ್ಳಲು ಒಳಗೆ ಪುಸ್ತಕ ಹುಡುಕತೊಡಗಿದಳು, ಕೂತುಕೋ ಎಂದದ್ದು ಆಗ. ಸಂಜೆ ಮೇಡಂ ಆ ಹಾಳೆಯನ್ನು ನೋಡಿ, ಹೆಸರನ್ನೂ ಅವನ ಕೊರಳಿನ ಕಾರ್ಡನ್ನೂ ಎರಡೆರಡು ಸಲ ಹೋಲಿಸಿ, ಬಹಳ ಹೊತ್ತು ಅವನ ಮುಖ ನೋಡಿದರು. ಅವನು ಎಲ್ಲವನ್ನೂ ಹೇಳಿದ. ಈ ಬೀದಿಯನ್ನು ಇನ್ನೊಬ್ಬರಿಂದ ಇನ್ನೊಮ್ಮೆ ನೋಡಿಸಬೇಕಾಗುತ್ತದೆ, ನಿಮ್ಮಿಂದ ನನಗೆ ಎರಡೆರಡು ಕೆಲಸ ಎಂದು ಬೈದು, ಕಾರ್ಡನ್ನು ವಾಪಸು ಇಸಿದುಕೊಂಡು, ಅವನಿಗೂ ಒಂದು ಫಾರಂ ಕೊಟ್ಟರು. ಇಲ್ಲೇ ತುಂಬಿ, ನನ್ನ ಕಣ್ಣೆದುರಿಗೆ ಎಂದರು. ಗುಮಾಸ್ತರು ಈ ಸಲ ಮುಖ ಮುಚ್ಚಿಕೊಳ್ಳದೆಯೇ ನಕ್ಕರು. ಫೋಟೋ ಹಳೆಯದೇ ನಡೆಯಿತು, ಶಾಯಿ ನೀಲಿಯೂ ಆಗುತ್ತಿತ್ತು.

ಮನೆಗೆ ಬಂದಾಗ ಹೆಂಡತಿ ಯಾರದೋ ಕೋಟಿನ ಒಳಪದರ ಬಿಚ್ಚುತ್ತಿದ್ದಳು. ಭಾನುವಾರ ಅಕ್ಕ ಬರ್ತಾಳೆ ಎಂದ. ಕತ್ತರಿ ನಿಂತಿತು. ಯಾರು ಕರೆದರು ಎಂದು ಕೇಳಿದಳು. ನಾನೇ ಎನ್ನಲು ನಾಲಿಗೆ ಎದ್ದಿತ್ತು, ಅದು ಹೊರಗೆ ಬರುವ ಮುಂಚೆಯೇ, ಅವಳೇ ಬರ್ತೀನಿ ಅಂದ್ಲು, ನಾನು ಕರೆದಿರ್ಲಿಲ್ಲ, ಒಂದು ದಿನವೂ ಕರೆದಿರ್ಲಿಲ್ಲ ಎಂದುಬಿಟ್ಟ. ಮಂಡಿ ನೋವು ಎಂದಳು ಅವಳು, ಅವನ ಕಡೆ ನೋಡದೆ. ಇರಲೇ ಇಲ್ಲ ಎಂದ. ನಾಲ್ಕು ತಿಂಗಳು ಎಂದು ಅಕ್ಕನಿಗೆ ಹೇಳಿದ್ದು, ಅಕ್ಕನೇ ಹೋಗು ಅಂದಳೆಂದು ಇವಳಿಗೆ ಹೇಳಿದ್ದು, ನೀರಿನ ಅಂಕಿ, ಎಲ್ಲವೂ ಒಂದರ ಹಿಂದೊಂದು ಬಂದವು. ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದಳು. ಹದಿನೆಂಟು ತಿಂಗಳು ನಿಮ್ಮಕ್ಕ ನನ್ನ ಮನೆ ಮೆಟ್ಟಿಲು ತುಳಿಯೋದಿಲ್ಲ ಅಂತ ಹಟ ಹಿಡಿದಿದ್ದಾರೆ ಅಂದುಕೊಂಡಿದ್ದೆ, ಅವರ ಬಗ್ಗೆ ಏನೇನೋ ಮನಸ್ಸಿನಲ್ಲೇ ಆಡಿಕೊಂಡಿದ್ದೆ, ಆ ಪಾಪವನ್ನೂ ನಿಮ್ಮ ತಲೆಗೇ ಕಟ್ಟುತ್ತೇನೆ ಎಂದಳು. ಕಟ್ಟು ಎಂದ ಅವನು. ಅವಳು ಮೂಗು ಮುರಿದಳು, ಆಮೇಲೆ ಎದ್ದು ಕೋಣೆಯನ್ನು ಒಂದು ಸುತ್ತು ನೋಡಿದಳು, ಅಳತೆ ತೆಗೆಯುವವಳ ಹಾಗೆ.

‘ಎಷ್ಟು ಹೊತ್ತಿಗೆ ಬರ್ತಾರಂತೆ?’

ಕೇಳಲಿಲ್ಲ ಎಂದ. ಫೋನ್ ಮಾಡಿ ಕೇಳಿ, ಇಲ್ಲೇ ಎಂದಳು. ಇಷ್ಟು ದಿನ ಅಕ್ಕನಿಗೆ ಅವನು ಫೋನು ಮಾಡುತ್ತಿದ್ದದ್ದು ಬಸ್ ನಿಲ್ದಾಣದಿಂದ, ಕಚೇರಿಯ ಮೆಟ್ಟಿಲಿನಿಂದ, ಅಂಗಡಿಯ ಮುಂದಿನಿಂದ. ಈ ಕೋಣೆಯೊಳಗೆ ಅವಳ ಧ್ವನಿ ಒಂದು ಸಲವೂ ಬಂದಿರಲಿಲ್ಲ. ಹೆಂಡತಿ ಎದುರಿಗೆ ಕೂತಳು. ಆ ಕಡೆ ಅಕ್ಕ ಎತ್ತಿಕೊಂಡಳು. ಸುತ್ತಮುತ್ತ ವಾಹನಗಳ ಸದ್ದಿಲ್ಲದೆ ಅವನ ಧ್ವನಿ ಮಾತ್ರ ಕೇಳಿಸಿದ್ದು ಅವಳಿಗೆ ಹೊಸದೆನಿಸಿರಬೇಕು.

‘ಎಲ್ಲಿಂದ ಮಾತಾಡ್ತಿದ್ದೀಯಾ?’

‘ಮನೆಯಿಂದ ಅಕ್ಕಾ,’ ಎಂದ.

ಆ ಕಡೆ ಅಕ್ಕ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ, ಸರಿ, ಹನ್ನೊಂದಕ್ಕೆ ಬರ್ತೀನಿ, ಫೋನು ಅವಳ ಕೈಗೆ ಕೊಡು ಎಂದಳು.